ಬ್ರೌಸರಿನ ಪಾಲುಪಟ್ಟಿ

ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲು ನನ್ನನ್ನು ಕರೆಯುತ್ತಾರೆ, ಆಮೇಲೆ ಬಲ್ಲವರನ್ನು. ಈ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ನಾನಿದ್ದ ಬ್ಯಾಂಕ್ ಶಾಖೆಗೆ ಮೊದಲ ಕಂಪ್ಯೂಟರ್ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆದವನು ನಾನು. ಕಾಯಿನೀರು ಕೀಬೋರ್ಡಿಗೆ ಸಿಡಿದರೂ ಅದು ಕೆಲಸ ಮಾಡಿತು ಎಂಬುದೇ ನನ್ನ ತಾಂತ್ರಿಕ ವಿದ್ಯಾರ್ಹತೆ. ಅದೇ ಬಲದ ಮೇಲೆ ನಿವೃತ್ತಿಯ ನಂತರ ಮನೆಯ ಡೆಸ್ಕ್‌ಟಾಪಿಗೆ ಆಡಳಿತಾಧಿಕಾರಿಯಾಗಿದ್ದೇನೆ. ಮನೆಯವರು ಇದನ್ನು ಒಪ್ಪಿದ್ದಾರೆ ಅಂತಲ್ಲ. ಪಾಸ್‌ವರ್ಡು ನನ್ನ ಹತ್ತಿರ ಇದೆ, ಅಷ್ಟೆ.

ಒಂದು ಕಾಲಕ್ಕೆ ಬ್ರೌಸರಿನ ಕಾಯಿಲೆಗಳು ಕಡಿಮೆ ಇದ್ದವು, ಇದ್ದವಕ್ಕೆ ಹೆಸರೂ ಇತ್ತು. ಫ್ಲ್ಯಾಶ್ ಪ್ಲೇಯರ್, ಜಾವಾ, ಆಕ್ಟಿವ್‌ಎಕ್ಸ್. ಯಾವುದೋ ಒಂದು ಪ್ಲಗ್‌ಇನ್ ಹಾಕಬೇಕು, ಇಲ್ಲವೇ ಹಾಕಿದ್ದನ್ನು ಅಪ್‌ಡೇಟ್ ಮಾಡಬೇಕು, ಮುಗಿಯಿತು. ಕ್ರೋಮ್ 2015ರಲ್ಲಿ ಆ ಹಳೆಯ ಬಗೆಯ ಪ್ಲಗ್‌ಇನ್‌ಗಳಿಗೆ ಬಾಗಿಲು ಹಾಕಿತು. ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ಅಡೋಬಿಯವರೇ ಮಂಗಳ ಹಾಡಿ, ಮರು ಜನವರಿ 12ರಿಂದ ಅದು ಓಡದಂತೆಯೂ ಮಾಡಿದರು. ಹಾಗಿದ್ದರೂ ‘ನಿಮ್ಮ ಫ್ಲ್ಯಾಶ್ ಹಳತಾಗಿದೆ, ಇಲ್ಲಿ ಒತ್ತಿ’ ಎಂಬ ಪಟ್ಟಿ ಆಗಾಗ ಎಲ್ಲಿಂದಲೋ ಎದ್ದು ಬರುತ್ತದೆ. ತೀರಿಕೊಂಡವರ ಹೆಸರಿನಲ್ಲಿ ಪಿಂಚಣಿ ಎತ್ತುವವರನ್ನು ಕೌಂಟರಿನಲ್ಲಿ ಕಂಡವನು ನಾನು. ಇದೂ ಅಂಥದೇ ದಂಧೆ. ಒತ್ತುವುದಿಲ್ಲ.

ಈಗಿನ ಕಾಟ ಬ್ರೌಸರಿಗೆ ನಾವೇ ಅಂಟಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳದ್ದು. ಅವನ್ನು ಹಾಕಲು ಯಾರ ಅಪ್ಪಣೆಯೂ ಬೇಡ, ಮಂಗಳಾರತಿಯೂ ಬೇಡ. ನಮ್ಮ ಬ್ರೌಸರಿನ ಮೇಲ್ತುದಿಯಲ್ಲಿ ಸಾಲಾಗಿ ಕೂತಿರುವ ಆ ಪುಟ್ಟ ಚಿತ್ರಗಳನ್ನು ನೋಡಿದರೆ ಮನೆಯ ರೇಷನ್ ಕಾರ್ಡು ಬೇರೆ ಬೇಡ. ಹೊಸ ಟ್ಯಾಬ್ ತೆರೆದರೆ ಪಂಚಾಂಗ ತೋರಿಸುವುದು ನನ್ನ ಹೆಂಡತಿಯದು. ಕೂಪನ್ ಹುಡುಕುವುದು ಸೊಸೆಯದು. ಪರದೆಯನ್ನು ಕಪ್ಪು ಮಾಡುವುದು, ವಿಡಿಯೋ ಇಳಿಸುವುದು, ಜಾಹೀರಾತು ತಡೆಯುವುದು ಮಗನವು. ಬಾಣದ ಗುರುತನ್ನು ಬೆಕ್ಕಿನ ಮರಿ ಮಾಡುವುದು ಮೊಮ್ಮಗನದು. ಪಿಡಿಎಫ್ ಜೋಡಿಸುವುದು, ಬ್ರೌಸರಿನ ವೇಗ ಹೆಚ್ಚಿಸುವುದು, ಮತ್ತು ಮಗನದ್ದರ ಮೇಲೆ ನಂಬಿಕೆ ಸಾಲದೆ ಹಾಕಿಕೊಂಡ ಇನ್ನೊಂದು ಜಾಹೀರಾತು ತಡೆ ನನ್ನವು. ವೇಗ ಹೆಚ್ಚಿಸುವುದನ್ನು ಹಾಕಿದ ಮೇಲೆ ಬ್ರೌಸರು ತೆರೆಯುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸಬಹುದಾಗಿತ್ತು. ಮೊದಲು ಅರ್ಧ ಲೋಟ ಉಳಿಯುತ್ತಿತ್ತು.

ಹೀಗೆಯೇ ಕಾಲ ಹಾಕಬಹುದಿತ್ತು, ಕಂಪ್ಲಿಯಿಂದ ತಮ್ಮ ಫೋನ್ ಮಾಡದಿದ್ದರೆ. ಅಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಜಂಟಿ ಖಾತೆಯ ಗದ್ದೆ ಇದೆ. 2021ರಲ್ಲಿ ಜಿಲ್ಲೆ ಒಡೆದು ಹೊಸಪೇಟೆ ವಿಜಯನಗರಕ್ಕೆ ಬಂತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಸರ್ಕಾರ ಅಷ್ಟು ದೊಡ್ಡ ಜಿಲ್ಲೆಗೆ ಪಾಲು ಮಾಡಿಕೊಟ್ಟಿತು, ನಮ್ಮ ಗದ್ದೆಗೆ ಮಾತ್ರ ಇನ್ನೂ ಮುಹೂರ್ತ ಕೂಡಿಬಂದಿಲ್ಲ. “ಅಣ್ಣಾ, ಗದ್ದಿ ಬೇರೆ ಮಾಡ್ಸಾಕ ಪೋಡಿಗೆ ಅರ್ಜಿ ಹಾಕಬೇಕು, ಒಂದು ಪಹಣಿ ತೆಗೆದಿಡು. ನಿನಗ ಕಂಪ್ಯೂಟರ್ ಬರ್ತೈತಲ್ಲ” ಎಂದ ತಮ್ಮ. ಕೊನೆಯ ಮಾತನ್ನು ಅವನು ಅನ್ನಬಾರದಿತ್ತು.

ಜಮೀನಿನ ಪಹಣಿ ತೆಗೆಯುವ ಸರ್ಕಾರಿ ಪುಟ ನೋಡಿದವರಿಗೆ ಗೊತ್ತು. ಜಿಲ್ಲೆ ಆರಿಸಿದರೆ ತಾಲ್ಲೂಕು ಬರಬೇಕು, ತಾಲ್ಲೂಕು ಆರಿಸಿದರೆ ಹೋಬಳಿ, ಆಮೇಲೆ ಗ್ರಾಮ, ಸರ್ವೆ ನಂಬರು. ಒಂದೊಂದು ಪಟ್ಟಿಯನ್ನೂ ಹಿಂದೆ ಕೂತ ಜಾವಾಸ್ಕ್ರಿಪ್ಟ್ ತುಂಬಿಕೊಡುತ್ತದೆ. ನಾನು ಬಳ್ಳಾರಿ ಒತ್ತಿದೆ, ಕಂಪ್ಲಿ ಒತ್ತಿದೆ. ಹೋಬಳಿ ಪಟ್ಟಿ ಮಾತ್ರ ಖಾಲಿ. ಚಕ್ರ ತಿರುಗಿತು, ತಿರುಗಿತು, ಆಮೇಲೆ ಪುಟ ಉತ್ತರಿಸುತ್ತಿಲ್ಲವೆಂದೂ ಕಾಯುತ್ತೀರೋ ಹೊರಡುತ್ತೀರೋ ಎಂದೂ ಬ್ರೌಸರು ಕೇಳಿತು. ಸರ್ಕಾರಿ ಕೆಲಸಕ್ಕೆ ಬಂದವನು ಕಾಯುವುದಿಲ್ಲ ಅನ್ನುತ್ತಾನೆಯೇ? ಕಾದೆ. ಕಾಯುತ್ತ ಮಗನಿಗೆ, “ಈ ಜಾವಾಸ್ಕ್ರಿಪ್ಟೇ ಸರಿಯಿಲ್ಲ ನೋಡೋ” ಅಂದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬವರು ಅದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರಂತೆ, ಮಗ ಹೇಳಿದ. ಅವಸರದ ಕೆಲಸ ಹೀಗೇ ಆಗುತ್ತದೆ ಎಂದು ನಾನು ಅಂದರೆ, ಅಡುಗೆಮನೆಯಿಂದ ಉತ್ತರ ಬಂತು: “ನಿಧಾನಕ್ಕ ಮಾಡಿದ್ದು ಹೆಂಗಿರತೈತಿ ಅನ್ನಾಕ ನಮ್ಮ ಗದ್ದಿ ಪಾಲು ಐತಲ್ರೀ.”

ಪರಿಹಾರ ಹುಡುಕಲು ಕೂತರೆ ಪರಿಹಾರಗಳೇ ಮೈಮೇಲೆ ಬಿದ್ದವು. ಒಂದು ಕಡೆ, ಎಫ್ 12 ಒತ್ತಿ ತೆರೆಯುವ ಕಿಟಕಿಯಲ್ಲಿ ಈ ನಾಲ್ಕು ಸಾಲು ಅಂಟಿಸಿ ಎಂದಿತ್ತು. ಅಲ್ಲಿ ಅಂಟಿಸಿದ ಸ್ಕ್ರಿಪ್ಟು ನಾವು ಲಾಗಿನ್ ಆಗಿರುವ ಖಾತೆಯಲ್ಲಿ ನಮ್ಮ ಹೆಸರಿನಲ್ಲೇ ಏನನ್ನಾದರೂ ಮಾಡಬಲ್ಲದು. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ ಎಂದು ಗ್ರಾಹಕರಿಗೆ ವರ್ಷಗಟ್ಟಲೆ ಬುದ್ಧಿ ಹೇಳಿದ ನನ್ನ ಕೈ ಆಗಲೇ ಕಂಟ್ರೋಲ್ ಮತ್ತು ವಿ ಮೇಲಿತ್ತು, ಮಗ ಎಳೆದು ಬಿಡಿಸಿದ. ಇನ್ನೊಂದು ಪುಟವಂತೂ ಬಲು ವಿನಯದ್ದು. ನೀವು ರೋಬೋಟ್ ಅಲ್ಲವೆಂದು ತೋರಿಸಿಕೊಡಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೆಯಿರಿ. ಅಷ್ಟರಲ್ಲಿ ಅದು ನಮಗೆ ತಿಳಿಯದಂತೆ ಒಂದು ಆಜ್ಞೆಯನ್ನು ಕಾಪಿ ಮಾಡಿ ಇಟ್ಟಿರುತ್ತದೆ. ಎಂಟರ್ ಹೊಡೆದರೆ ಕಳ್ಳನಿಗೆ ನಾವೇ ಚಿಲಕ ತೆಗೆದ ಹಾಗಾಯಿತು. ನನಗೆ ಇದು ಆಮೇಲೆ ತಿಳಿದದ್ದು. ಹೆಂಡತಿ ಬೆನ್ನ ಹಿಂದೆ ನಿಂತು ಓದಿ ಕೇಳಿದಳು, “ಮನಿಶಾ ಹೌದೋ ಅಲ್ಲೋ ಅಂತ ತಿಳ್ಕೊಳ್ಳಾಕ ಇಷ್ಟು ಗುಂಡಿ ಯಾಕ್ರೀ? ನಿಮ್ಮನ್ನ ನೋಡಿದ್ರ ಗೊತ್ತಾಗಲ್ಲೇನು?” ಹೊಗಳಿದಳೋ ತೆಗಳಿದಳೋ ಎಂದು ಯೋಚಿಸುತ್ತ ಕೈ ತೆಗೆದೆ. ಮಷಿನ್ ಉಳಿಯಿತು.

ಕೊನೆಗೆ ಮಗ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೋ ಕಿಟಕಿ ತೆರೆದ. ನಾವಾಗಿ ಒಪ್ಪಿಗೆ ಕೊಡದ ಹೊರತು ಅಲ್ಲಿ ಎಕ್ಸ್‌ಟೆನ್ಷನ್‌ಗಳಿಗೆ ಪ್ರವೇಶವಿಲ್ಲ. ಬಳ್ಳಾರಿ, ಕಂಪ್ಲಿ, ಹೋಬಳಿಯ ಪಟ್ಟಿ ಥಟ್ಟನೆ ಬಂತು. ತಪ್ಪು ಪಹಣಿ ಪುಟದ್ದಲ್ಲ, ನಮ್ಮ ಮನೆಯೊಳಗಿನದು. ಅಲ್ಲಿಗೆ ಸರ್ಕಾರವನ್ನು ಬೈಯುವ ಸುಖವೂ ಹೋಯಿತು.

ಇನ್ನು ತಪ್ಪು ಯಾವ ಎಕ್ಸ್‌ಟೆನ್ಷನ್ನಿನದು ಎಂದು ಪತ್ತೆ ಮಾಡಬೇಕಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಚೈನ್ ಕಡಿದು ಕೊಚ್ಚಿ ಹೋದಾಗ ಹೊಸಪೇಟೆಯಲ್ಲಿ ಎಂಜಿನಿಯರ್ ಅಲ್ಲದವರು ಯಾರೂ ಉಳಿಯಲಿಲ್ಲ. ಒಗ್ಗರಣಿ ಮಿರ್ಚಿ ಅಂಗಡಿಯಲ್ಲಿ, ಕೊಚ್ಚಿಹೋದ ಗೇಟಿನ ಜಾಗದಲ್ಲಿ ನೀರು ತಡೆಯುವ ಸ್ಟಾಪ್‌ಲಾಗ್ ಹೇಗೆ ಇಳಿಸಬೇಕೆಂದು ನಾನೂ ತಟ್ಟೆಗೆ ಅಡ್ಡಲಾಗಿ ಮಿರ್ಚಿ ಇಟ್ಟು ವಿವರಿಸಿದ್ದೆ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದವರು ನನ್ನ ಸಲಹೆಗೆ ಕಾಯದೆ, ಹರಿಯುವ ನೀರಿನಲ್ಲೇ ಅದನ್ನು ಇಳಿಸಿ ಮುಗಿಸಿದರು. ಅಲ್ಲಾದರೆ 33 ಗೇಟುಗಳಲ್ಲಿ ಹೋದದ್ದು ಯಾವುದೆಂದು ಕಣ್ಣಿಗೇ ಕಾಣುತ್ತಿತ್ತು. ಬ್ರೌಸರಿನಲ್ಲಿ ಆ ಅನುಕೂಲವಿಲ್ಲ. ಎಲ್ಲವನ್ನೂ ಮುಚ್ಚಿ, ಒಂದೊಂದೇ ತೆರೆಯುತ್ತ, ಪ್ರತಿ ಸಲವೂ ಕಂಪ್ಲಿಯ ಹೋಬಳಿ ಬರುತ್ತದೆಯೇ ನೋಡಬೇಕು.

ಕೆಲಸ ಸುಲಭ. ಕಷ್ಟ ಇದ್ದದ್ದು ವಾರಸುದಾರರದ್ದು. ತನ್ನದನ್ನು ಮುಚ್ಚುವಾಗ ಪ್ರತಿಯೊಬ್ಬರೂ ಬಂದು ಕುರ್ಚಿಯ ಹಿಂದೆ ನಿಂತರು. “ಮಾವ, ಕೂಪನ್ ತೆಗೀಬ್ಯಾಡ್ರಿ, ನಾಳೆ ಸೇಲ್ ಐತಿ” ಎಂದಳು ಸೊಸೆ. ಮೊಮ್ಮಗ ಅಳುವ ಸಿದ್ಧತೆಯಲ್ಲಿದ್ದ. ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಕ್ರೋಮಿನೊಳಗೇ ಒಂದು ಲೆಕ್ಕದ ಪಟ್ಟಿ ತೆರೆಯುತ್ತದೆ, ಯಾರು ಎಷ್ಟು ಮೆಮೊರಿ ಉಂಡರು ಎಂದು. ಅದರಲ್ಲಿ ಬೆಕ್ಕಿನ ಮರಿ ನನ್ನ ವೇಗವರ್ಧಕಕ್ಕಿಂತ ಮೇಲಿನ ಸಾಲಿನಲ್ಲಿತ್ತು. ಮಗುವಿನ ಮುಂದೆ ಹೇಳಲಿಲ್ಲ.

ಈ ನೆಪದಲ್ಲಿ ಒಂದೊಂದರ ಅನುಮತಿಯನ್ನೂ ಓದಿದೆವು. ಪಂಚಾಂಗದ ಎಕ್ಸ್‌ಟೆನ್ಷನ್ ಎಲ್ಲ ಜಾಲತಾಣಗಳಲ್ಲಿರುವ ನಮ್ಮ ಎಲ್ಲ ಮಾಹಿತಿಯನ್ನು ಓದಲು, ಬದಲಿಸಲು ಒಪ್ಪಿಗೆ ಪಡೆದಿತ್ತು. “ರಾಹುಕಾಲ ಹೇಳಾಕ ಅದಕ್ಯಾಕ ನನ್ನ ಪಾಸ್‌ಬುಕ್?” ಎಂದು ಹೆಂಡತಿ ತಾನೇ ಅದನ್ನು ಕಿತ್ತು ಹಾಕಿಸಿದಳು. ಮಗನ ವಿಡಿಯೋ ಇಳಿಸುವುದಕ್ಕೂ ಅದೇ ಗತಿಯಾಯಿತು. ಇಂದು ಒಳ್ಳೆಯದಿದ್ದದ್ದು ನಾಳೆಯೂ ಹಾಗೇ ಇರುತ್ತದೆ ಎಂದೂ ಇಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನನ್ನು ಲಕ್ಷಾಂತರ ಜನ ನಂಬಿ ಬಳಸುತ್ತಿದ್ದರು. 2020ರಲ್ಲಿ ಅದರ ಮಾಲೀಕತ್ವ ಯಾರದೋ ಕೈಗೆ ಹೋಯಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಅಪಾಯಕಾರಿ ಎಂದು ತೆಗೆದುಹಾಕಿತು. ಮನೆ ಅದೇ, ಬಾಡಿಗೆದಾರ ಅದೇ, ಮಾಲೀಕ ಮಾತ್ರ ರಾತ್ರೋರಾತ್ರಿ ಬೇರೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಮೂಲೆಯಲ್ಲಿ ಕಿರುಚುತ್ತಿದ್ದದ್ದು ಮಾತ್ರ ಎಕ್ಸ್‌ಟೆನ್ಷನ್ ಅಲ್ಲ, ಎಂದೋ ಯಾವುದೋ ತಾಣಕ್ಕೆ ಯಾರೋ ಕೊಟ್ಟ ನೋಟಿಫಿಕೇಷನ್ ಅನುಮತಿ. ಸೈಟ್ ಸೆಟ್ಟಿಂಗ್ಸಿಗೆ ಹೋಗಿ ಅದನ್ನು ರದ್ದು ಮಾಡಿದರೆ ವೈರಸ್ಸೂ ವಾಸಿಯಾಯಿತು. ಅಂಥ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆದುಕೊಂಡವರು ತಡಮಾಡದೆ ಮಾಡಬೇಕಾದ ಇನ್ನೊಂದು ಫೋನು 1930ಕ್ಕೆ.

ಇಷ್ಟಾದರೂ ಅಪರಾಧಿ ಸಿಗಲಿಲ್ಲ. ಉಳಿದವುಗಳಲ್ಲಿ ಯಾವುದನ್ನು ಒಂಟಿಯಾಗಿ ತೆರೆದರೂ ಹೋಬಳಿ ಬರುತ್ತಿತ್ತು, ಎಲ್ಲವನ್ನೂ ತೆರೆದರೆ ಹೋಗುತ್ತಿತ್ತು. ಬ್ಯಾಂಕಿನಲ್ಲಿ ಡೇಬುಕ್ ತಾಳೆಯಾಗದ ಸಂಜೆಗಳು ನೆನಪಾದವು. ಒಂದೊಂದು ವೋಚರೂ ಸರಿ, ಮೊತ್ತ ಮಾತ್ರ ತಪ್ಪು. ಎರಡೆರಡನ್ನು ಜೋಡಿಸಿ ನೋಡೋಣ ಎಂದ ಮಗ. ಸೊಸೆಯದು ಮತ್ತು ಮೊಮ್ಮಗನದು, ತೊಂದರೆಯಿಲ್ಲ. ಸೊಸೆಯದು ಮತ್ತು ನನ್ನ ಪಿಡಿಎಫು, ಪರಮ ಅನ್ಯೋನ್ಯ. ಮಗನ ಜಾಹೀರಾತು ತಡೆ ಮತ್ತು ನನ್ನ ಜಾಹೀರಾತು ತಡೆ ಒಟ್ಟಿಗೆ ತೆರೆದೆವು. ಚಕ್ರ ತಿರುಗತೊಡಗಿತು.

ಒಂದೇ ಪುಟದ ಮೇಲೆ ಇಬ್ಬರೂ ಕಾವಲು ಕೂತು, ಇವನು ಬಿಟ್ಟ ಸ್ಕ್ರಿಪ್ಟನ್ನು ಅವನು ಹಿಡಿದು, ಅವನು ತಿದ್ದಿದ್ದನ್ನು ಇವನು ಮತ್ತೆ ತಿದ್ದಿ, ಪುಟವನ್ನು ಅತಂತ್ರ ಮಾಡಿದ್ದರು. “ಒಂದು ತೆಗೆದ್ರೆ ಸಾಕಪ್ಪಾ” ಎಂದ ಮಗ. “ತೆಗಿ” ಅಂದೆ. “ಯಾವುದನ್ನ?” ಎಂದ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ವೇಗವರ್ಧಕವನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟು ನಾನು ಔದಾರ್ಯ ತೋರಿದೆ. ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ಮನೆಯವರು ಒಮ್ಮತದಿಂದ ತೀರ್ಮಾನಿಸಿದರು.

ದಾರಿ ತೋರಿಸಿದವಳು ಸೊಸೆ. ಕ್ರೋಮಿನಲ್ಲಿ ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿಕೊಳ್ಳಬಹುದು. ಒಬ್ಬರ ಎಕ್ಸ್‌ಟೆನ್ಷನ್, ಬುಕ್‌ಮಾರ್ಕ್, ಪಾಸ್‌ವರ್ಡು ಇನ್ನೊಬ್ಬರದ್ದರ ಜೊತೆ ಬೆರೆಯುವುದಿಲ್ಲ. ಕೂತಲ್ಲೇ ಪಾಲಾಯಿತು. ಪಂಚರು ಬೇಡ, ಅಮೀನರು ಬೇಡ. ಬುಕ್‌ಮಾರ್ಕುಗಳು ಯಾರಿಗೆ ಸೇರಬೇಕು ಎಂಬಲ್ಲಿ ಕೊಂಚ ಜಗ್ಗಾಟವಾಗಿ, ಎಲ್ಲರಿಗೂ ಒಂದೊಂದು ಪ್ರತಿ ಎಂದಾಯಿತು. ಗದ್ದೆಗೆ ಈ ಸೌಲಭ್ಯ ಇದ್ದಿದ್ದರೆ! ಹೆಂಡತಿ ಹಸಿರು ಬಣ್ಣದ ಪ್ರೊಫೈಲ್ ಆರಿಸಿಕೊಂಡು, ಅದರಲ್ಲಿ ಏನೊಂದನ್ನೂ ಹಾಕದೆ, ನೇರ ಪಹಣಿ ಪುಟಕ್ಕೆ ಹೋಗಿ ಸರ್ವೆ ನಂಬರು ಕೊಟ್ಟು ತೆಗೆದೇ ಬಿಟ್ಟಳು. ತಮ್ಮನಿಗೆ ಫೋಟೋ ಕಳಿಸಿದೆ. “ಭಾಳ ಛಲೋ ಆತು ಅಣ್ಣಾ, ಕಂಪ್ಯೂಟರ್ ಬರೋರು ಮನಿಯಾಗ ಒಬ್ರು ಇರಬೇಕು” ಎಂದ. ಇದ್ದಾರೆ ಅಂದೆ. ಯಾರು ಎಂದು ಅವನು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಮೊಮ್ಮಗ ಮೈನರು. ಬೆಕ್ಕಿನ ಮರಿಗೆ ಸದ್ಯ ಅವರಮ್ಮನೇ ಗಾರ್ಡಿಯನ್.