ಮೂಲೆ ಮಾಮ

ಚೆನ್ನೈಯ ಅಣ್ಣಾ ನಗರದಲ್ಲಿ ಕನ್ನಡದವರ ಮನೆಯನ್ನು ಹೊರಗಿನಿಂದ ಕಂಡುಹಿಡಿಯುವುದು ಕಷ್ಟ. ಬಾಗಿಲ ಮುಂದೆ ಕೋಲಂ, ಹಾಲಿನವನ ಹತ್ತಿರ ತಮಿಳು, ಗೇಟಿನ ಮೇಲೆ ಇಂಗ್ಲಿಷು. ಒಳಗೆ ಹೋಗಿ ಮುಂದಿನ ಕೋಣೆಯ ಮೂಲೆ ನೋಡಬೇಕು. ಮೈಸೂರು ಪೇಟದ ವಿಶ್ವೇಶ್ವರಯ್ಯನವರು, ಮಂತ್ರಾಲಯದ ರಾಯರು, ಯಾರದೋ ಮದುವೆಯ ಗ್ರೂಪ್ ಫೋಟೋ ಎಲ್ಲವೂ ಅಲ್ಲಿ ಒಟ್ಟಿಗೇ ಇದ್ದು, ಅವುಗಳೆದುರು ಸ್ಟೂಲ್ ಹತ್ತಿ ನಿಂತವರೊಬ್ಬರು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ‘ಈಗ ನೇರ ಇದೆಯಾ?’ ಎಂದು ಕೇಳುತ್ತಿದ್ದರೆ ಅದು ನಮ್ಮವರದೇ ಮನೆ. ನಿಂತವರು ಮೂಲೆ ಮಾಮ.

ಹೆಸರು ಹುಡುಗರು ಇಟ್ಟದ್ದು. ಇಂಥವರು ಶೆಣೈ ನಗರದಲ್ಲೂ ಇದ್ದಾರೆ, ಐನಾವರದಲ್ಲೂ ಇದ್ದಾರೆ, ಬಸವನಗುಡಿಯಲ್ಲಂತೂ ಬೀದಿಗೊಬ್ಬರು. ನಾನು ಬಲ್ಲ ಅಣ್ಣಾ ನಗರದ ಮಾಮನಿಗೆ ಮಾತ್ರ ಒಂದು ಹೆಚ್ಚಿನ ಅರ್ಹತೆ ಉಂಟು: ಅವರು ಪೆರಂಬೂರಿನ ಐ.ಸಿ.ಎಫ್.ನಲ್ಲಿ ರೈಲು ಬೋಗಿ ಮಾಡಿ ನಿವೃತ್ತರಾದವರು. 1955ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಅಳತೆ ತಪ್ಪಿದರೆ ಬೋಗಿಯ ಬಾಗಿಲು ಮುಚ್ಚುವುದಿಲ್ಲ. ನಿವೃತ್ತಿಯ ದಿನ ಬೋಗಿಗಳೆಲ್ಲ ಕಾರ್ಖಾನೆಯಲ್ಲೇ ಉಳಿದವು, ಮಿಲಿಮೀಟರು ಮಾತ್ರ ಮಾಮನ ಜೊತೆ ಮನೆಗೆ ಬಂತು.

‘ಗೋಡೆ ಇದೆ, ಮೊಳೆ ಇದೆ, ಹೊಡೆದು ತೂಗುಹಾಕಿದರಾಯಿತಲ್ಲ’ ಅನ್ನುವವರನ್ನು ಮಾಮ ಕರುಣೆಯಿಂದ ನೋಡುತ್ತಾರೆ. ಮೊದಲ ಕೆಲಸ ಹಳೆ ಪೇಪರಿನದು. ಪ್ರತಿಯೊಂದು ಪಟದ ಅಳತೆಗೂ ಒಂದು ತುಂಡು ಕತ್ತರಿಸಿ, ಹಿಂದೆ ಕೊಕ್ಕೆ ಎಲ್ಲಿದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಗೋಡೆಗೆ ಟೇಪಿನಿಂದ ಅಂಟಿಸುತ್ತಾರೆ. ವಾರಗಟ್ಟಲೆ ಅದು ಅಲ್ಲೇ ಇರುತ್ತದೆ, ‘ಕಣ್ಣಿಗೆ ಒಗ್ಗಬೇಕು’ ಎಂದು. ಮಾಮಿ ಭಾನುವಾರದ ಪುರವಣಿ ಹುಡುಕಿ ಹುಡುಕಿ ಸಾಕಾಗಿ ಕೇಳಿದರೆ ‘ಗೋಡೆ ಮೇಲಿದೆ, ನಿಂತು ಓದ್ಕೋ’ ಎಂಬ ಉತ್ತರ. ಪದಬಂಧದ ಅರ್ಧ ಅಜ್ಜಿಯ ಜಾಗದಲ್ಲಿ, ಉಳಿದರ್ಧ ವೆಂಕಟರಮಣನ ಜಾಗದಲ್ಲಿ ಇದ್ದುದರಿಂದ ಮಾಮಿ ಒಂದು ಸಲ ಅದನ್ನು ಗೋಡೆಯ ಮೇಲೆಯೇ ತುಂಬಿ ಮುಗಿಸಿದರು.

ಎರಡನೆಯದು ಎತ್ತರದ ಪ್ರಶ್ನೆ. ಕಲಾ ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 57 ಇಂಚು ಮೇಲಿರಬೇಕೆಂಬ ರೂಢಿ ಇದೆ. ಸಾಧಾರಣ ಮನುಷ್ಯನ ಕಣ್ಣಿನ ಮಟ್ಟ ಅದು ಅಂತ ಲೆಕ್ಕ. ಮಾಮ ಇದನ್ನು ಎಲ್ಲಿಯೋ ಓದಿ, ಗೋಡೆಗೆ ಸುಣ್ಣದ ದಾರ ಹಿಡಿದು ಗೆರೆಯನ್ನೂ ಹೊಡೆದರು.

‘ಬಂದವರನ್ನ ಕೂರಿಸೋದಿಲ್ವೇನ್ರೀ?’ ಎಂದರು ಮಾಮಿ. ‘ನಿಂತೇ ಕಾಫಿ ಕುಡಿದು ಹೋಗ್ತಾರಾ?’

ಸೋಫಾದಲ್ಲಿ ಕೂತವರ ಕಣ್ಣು ಎಲ್ಲಿರುತ್ತದೆ ಎಂದು ಮಾಮನೇ ಕೂತು ಅಳೆಸಿಕೊಂಡರು. ಗೆರೆ ಹದಿಮೂರು ಇಂಚು ಕೆಳಗಿಳಿಯಿತು. ಅಲ್ಲಿ ಸ್ವಿಚ್ ಬೋರ್ಡ್ ಇತ್ತು. ಗೆರೆ ಮತ್ತೆ ಮೇಲೆ ಹೋಯಿತು.

ಮೂರನೆಯ ತೊಡಕು ಮೂಲೆಯೇ. ಮೂಲೆಮಟ್ಟ ಇಟ್ಟು ನೋಡಿದರೆ ಯಾವ ಮನೆಯ ಎರಡು ಗೋಡೆಗಳೂ ಸರಿಯಾಗಿ 90 ಡಿಗ್ರಿಯಲ್ಲಿ ಕೂಡುವುದಿಲ್ಲ. ಹೌಸಿಂಗ್ ಬೋರ್ಡಿನ ಕಾಲದ ಹಳೆ ಮನೆ ಕೆಡವಿ ಎದ್ದ ಈ ಫ್ಲ್ಯಾಟಿನಲ್ಲೂ ಅಷ್ಟೇ. ಒಂದು ಪಟ ಇತ್ತ, ಇನ್ನೊಂದು ಅತ್ತ, ಎರಡರ ಅಂಚೂ ಮೂಲೆಯಿಂದ ಸಮದೂರ ಇರಬೇಕೆಂದರೆ ಮೇಲ್ತುದಿಯಲ್ಲಿ ಸಮ, ಕೆಳತುದಿಯಲ್ಲಿ ಅರ್ಧ ಇಂಚು ವ್ಯತ್ಯಾಸ. ಬಡಗಿ ರಸಮಟ್ಟಂ ಇಟ್ಟು ಗುಳ್ಳೆ ತೋರಿಸಿ ‘ಸರಿಯಾ ಇರುಕ್ಕು ಸಾರ್’ ಅಂದ. ಮಾಮ ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ‘ರಸಮಟ್ಟಂ ಸರಿಯಾ ಇರುಕ್ಕು, ಪಟಂ ಸರಿಯಾ ಇಲ್ಲೆ’ ಅಂದರು. ಬಡಗಿ ಗೋಡೆಯನ್ನು ನೋಡಿದ, ಮಾಮಿಯನ್ನು ನೋಡಿದ. ಮಾಮಿ ಕಾಫಿ ತರಲು ಒಳಗೆ ಹೋದರು.

ಇಷ್ಟೆಲ್ಲ ಕಲೆಯ ಮೇಲಿನ ಪ್ರೀತಿ ಎಂದು ತಿಳಿಯಬಾರದು. ಮೂಲೆಯಲ್ಲಿ ನಡೆಯುವುದು ಸ್ಥಾನಮಾನದ ಹಂಚಿಕೆ. ಮಂತ್ರಿಮಂಡಲಕ್ಕೆ ಐದು ವರ್ಷದ ಅವಧಿಯಾದರೂ ಇದೆ, ಮಾಮನ ಮೂಲೆಗೆ ಮುಂದಿನ ಅತಿಥಿ ಬರುವವರೆಗೆ ಮಾತ್ರ.

ವಿಶ್ವೇಶ್ವರಯ್ಯನವರದು ಒಂದೇ ಕಾಯಂ ಸೀಟು. ಕಾರಣ ಕೇಳಿದರೆ ಮಾಮ ಕಿಟಕಿಯ ಆಚೆ ಕೈ ತೋರಿಸುತ್ತಾರೆ. 1968ರ ವಿಶ್ವ ವ್ಯಾಪಾರ ಮೇಳಕ್ಕಾಗಿ ಕಟ್ಟಿದ 135 ಅಡಿಯ ಗೋಪುರ ಇಲ್ಲಿನ ಹೆಗ್ಗುರುತು. ಊರೆಲ್ಲ ಅದನ್ನು ಟವರ್ ಪಾರ್ಕ್ ಅನ್ನುತ್ತದೆ, ಮೆಟ್ರೊ ನಿಲ್ದಾಣದ ಹೆಸರಿನಲ್ಲೂ ಬರೀ ಟವರ್. ಆದರೆ ಅದರ ಪೂರ್ತಿ ಹೆಸರು ಡಾ. ವಿಶ್ವೇಶ್ವರಯ್ಯ ಟವರ್ ಪಾರ್ಕ್. ‘ಮದ್ರಾಸಿನ ನಡುವೆ ನಮ್ಮವರ ಹೆಸರಲ್ಲಿ ಗೋಪುರ ಇದೆ ಸ್ವಾಮಿ!’ ಎಂದು ಹೊಸಬರಿಗೆಲ್ಲ ಹೇಳುವುದು ಮಾಮನ ನಿತ್ಯಕರ್ಮ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಪೇಟ ನೋಡಿ ‘ಯಾರ್ ಸಾರ್, ಉಂಗ ತಾತಾವಾ?’ ಎಂದು ಕೇಳಿದಾಗ ಮಾಮ ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ‘ಟವರ್ ಪಾತ್ತಿಯಾ? ಅದು ಅವರ್ ಪೇರ್ಲೆ ದಾನ್’ ಎಂದಷ್ಟೇ ಹೇಳಿ ನಿಟ್ಟುಸಿರಿಟ್ಟರು. ಅಂದಿನಿಂದ ಸಿಲಿಂಡರ್ ತಡವಾಗಿಲ್ಲವಂತೆ.

ಎರಡನೆಯ ಕಾಯಂ ಸದಸ್ಯರು ಡಾ. ರಾಜಕುಮಾರ್ ಆಗಬೇಕಿತ್ತು. ಕನ್ನಡ ಸಿನಿಮಾ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಮಾಮನ ತಂದೆ ಯಾವುದೋ ಚಿತ್ರೀಕರಣ ನೋಡಲು ಹೋಗಿ ರಾಜಣ್ಣನ ಜೊತೆ ಫೋಟೋದಲ್ಲಿ ನಿಂತಿದ್ದರು. ಜೊತೆ ಎಂದರೆ ಹಿಂದಿನ ಸಾಲಿನ ಕೊನೆಯಲ್ಲಿ, ಕಂಬದ ಪಕ್ಕ. ಅಪ್ಪನ ಮುಖ ಕಾಣಲೆಂದು ಮಾಮ ಅದನ್ನು ದೊಡ್ಡದು ಮಾಡಿಸಿದರು. ಇನ್ನೂ ಕಾಣಲೆಂದು ಇನ್ನೂ ದೊಡ್ಡದು. ಕಟ್ಟು ಹಾಕಿಸುವ ಹೊತ್ತಿಗೆ ಅಪ್ಪ, ಕಂಬ ಮತ್ತು ಒಂದು ಬಿಳಿ ಜುಬ್ಬದ ತೋಳು ಉಳಿದಿತ್ತು. ‘ಈ ತೋಳು ಯಾರದು ಗೊತ್ತಾ?’ ಎಂದು ಮಾಮ ಈಗ ಅತಿಥಿಗಳಿಗೆ ಒಗಟು ಹಾಕುತ್ತಾರೆ.

ಉಳಿದವರದೆಲ್ಲ ತಾತ್ಕಾಲಿಕ ನೇಮಕ. ಮಗನ ಮದುವೆಯಲ್ಲಿ ಬೀಗರು ತಂಜಾವೂರು ಶೈಲಿಯ ಬೆಣ್ಣೆಕೃಷ್ಣನನ್ನು ಉಡುಗೊರೆ ಕೊಟ್ಟರು. ಮಾಮನ ಮನೆಯಲ್ಲಿ ಮೊದಲೇ ಮೈಸೂರು ಶೈಲಿಯ ಸರಸ್ವತಿ ಇದ್ದಳು, ಮಾಮಿಯ ತವರಿನದು. ಎರಡನ್ನೂ ಅಕ್ಕಪಕ್ಕ ಹಾಕಿದ ದಿನವೇ ತಾಪತ್ರಯ ಶುರು. ತಂಜಾವೂರಿನದು ಸೀಮೆಸುಣ್ಣದ ಪುಡಿ, ಗೋಂದು ಕಲಸಿ ದಪ್ಪಗೆ ಉಬ್ಬಿಸಿ, ಮೇಲೆ ಚಿನ್ನದ ರೇಕು ಒತ್ತಿ, ಬಣ್ಣದ ಕಲ್ಲು ಕೂರಿಸುವ ಕೆಲಸ. ಬಾಗಿಲು ತೆಗೆದರೆ ಕೃಷ್ಣ ಬೀದಿಗೇ ಹೊಳೆಯುತ್ತಾನೆ. ಮೈಸೂರಿನದರಲ್ಲಿ ಗೆಸ್ಸೋ ಎಂಬ ಉಬ್ಬುಲೇಪ ತೆಳುವು, ಗೆರೆ ನವಿರು, ಸೆರಗಿನ ಅಂಚಿನ ಚಿನ್ನವನ್ನು ಹತ್ತಿರ ಹೋಗಿ ತಲೆ ಓರೆ ಮಾಡಿ ನೋಡಬೇಕು. ಬಂದವರು ಯಾರೂ ತಲೆ ಓರೆ ಮಾಡಲಿಲ್ಲ. ಎಲ್ಲರೂ ‘ಆಹಾ, ಕೃಷ್ಣ!’ ಎಂದರು. ಮಾಮಿ ಸಾರಿಗೆ ಉಪ್ಪು ಹಾಕುವುದನ್ನು ಮರೆಯತೊಡಗಿದರು.

ಮಾಮನ ರಾಜತಾಂತ್ರಿಕತೆ ಬೆಳಗಿದ್ದು ಆಗ. ಬೀಗರ ಮುಂದೆ ಅವರ ಭಾಷಣ ಹೀಗೆ: 1565ರಲ್ಲಿ ತಾಳಿಕೋಟೆಯಾಯಿತು, ವಿಜಯನಗರ ಬಿತ್ತು, ಚಿತ್ರಗಾರರ ಮನೆತನಗಳು ಚದುರಿದವು, ಒಂದು ಕವಲು ತಂಜಾವೂರಿನ ಅರಸರ ಆಶ್ರಯಕ್ಕೆ, ಇನ್ನೊಂದು ಮೈಸೂರಿನ ಕಡೆಗೆ. ಮುಂದೆ ಅಲ್ಲಿ ಸರ್ಫೋಜಿ, ಇಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಪೋಷಿಸಿದರು. ‘ಅಂದರೆ ನಿಮ್ಮ ಕೃಷ್ಣ, ನಮ್ಮ ಸರಸ್ವತಿ ಒಂದೇ ಮನೆಯ ಮಕ್ಕಳು.’ ಬೀಗರು ತಲೆದೂಗುತ್ತಾರೆ. ಬೀಗರು ಹೋದ ಸಂಜೆ ಮಾಮಿಯೆದುರು ಅದೇ ಭಾಷಣಕ್ಕೆ ಒಂದು ಅನುಬಂಧ: ‘ಉಬ್ಬಿಸೋದು ಯಾರು ಬೇಕಾದರೂ ಉಬ್ಬಿಸ್ತಾರೆ ಕಣೇ, ತೆಳುವಾಗಿ ಎಳೆಯೋದೇ ಕಷ್ಟ.’ ಕೃಷ್ಣ ಒಳಕೋಣೆಗೆ ಹೋಗುತ್ತಾನೆ. ಬೀಗರು ತಿರುಮಂಗಲದಲ್ಲಿ ಮೆಟ್ರೊ ಇಳಿದೆವೆಂದು ಫೋನ್ ಮಾಡಿದರೆ ಸಾಕು, ಅವರು ಬಂದು ಗಂಟೆ ಒತ್ತುವಷ್ಟರಲ್ಲಿ ಕೃಷ್ಣ ಸ್ವಸ್ಥಾನದಲ್ಲಿ. ಇಷ್ಟು ಚುರುಕಾಗಿ ಐ.ಸಿ.ಎಫ್.ನಲ್ಲೂ ಕೆಲಸ ನಡೆದಿರಲಾರದು.

ಚೆನ್ನೈಯ ಹವೆಯೂ ಮಾಮನ ವೈರಿ. ಸೆಕೆಗೆ, ತೇವಕ್ಕೆ ಹಳೆ ಫೋಟೋಗಳು ಗಾಜಿಗೇ ಅಂಟಿಕೊಳ್ಳುತ್ತವೆ, ಕೀಳಹೋದರೆ ಅಜ್ಜನ ಮೀಸೆ ಗಾಜಿನ ಮೇಲೆ ಉಳಿಯುತ್ತದೆ. ಅದಕ್ಕೇ ಕಟ್ಟು ಹಾಕುವವನ ಬೆನ್ನ ಹಿಂದೆ ನಿಂತು ‘ಮೌಂಟ್ ಇಡಪ್ಪಾ, ಗಾಜು ಮುಟ್ಟಬಾರದು’ ಎಂದು ಜಪ ಮಾಡುತ್ತಾರೆ. ಇದರಲ್ಲಿ ಮಾತ್ರ ನಾನು ಪೂರ್ತಿ ಮಾಮನ ಪಕ್ಷ.

ಈಗಿನ ಬಿಕ್ಕಟ್ಟು ಮದುವೆಯ ಗ್ರೂಪ್ ಫೋಟೋದ್ದು. ತೀರಿಕೊಂಡವರ ಪಟ ದಕ್ಷಿಣದ ಗೋಡೆಗೆ, ಬದುಕಿರುವವರದು ಅಲ್ಲಿರಕೂಡದು ಎಂಬುದು ಮನೆಯ ಶಾಸ್ತ್ರ. ಮಾಮನ ಮೂಲೆಯ ಒಂದು ಗೋಡೆ ದಕ್ಷಿಣ, ಇನ್ನೊಂದು ಪಶ್ಚಿಮ, ಆದ್ದರಿಂದ ಇಷ್ಟು ದಿನ ಅನುಕೂಲವೇ ಆಗಿತ್ತು. ಯಾರಾದರೂ ಹೋದರೆ ಹನ್ನೆರಡನೆಯ ದಿನ ಕಳೆದ ಮೇಲೆ ಪಟ ಪಶ್ಚಿಮದಿಂದ ದಕ್ಷಿಣಕ್ಕೆ ವರ್ಗವಾಗುತ್ತಿತ್ತು, ಗಂಧದ ಹಾರದ ಸಮೇತ. ಆದರೆ ಗ್ರೂಪ್ ಫೋಟೋದಲ್ಲಿ ಮೂರು ಸಾಲು ಜನ. ವರ್ಷಕ್ಕೊಬ್ಬಿಬ್ಬರಂತೆ ಹೋಗಿ ಹೋಗಿ, ಈಚೆಗೆ ದಕ್ಷಿಣದವರಿಗೆ ಬಹುಮತ ಬಂತು. ಮಾಮ ಸಾಲು ಸಾಲಾಗಿ ಎಣಿಸಿ, ಪಟವನ್ನು ದಕ್ಷಿಣದ ಗೋಡೆಯ ತುತ್ತತುದಿಗೆ, ಪಶ್ಚಿಮಕ್ಕೆ ತಾಗುವಂತೆ ಹಾಕಿಸಿದರು. ಹಾರ ಮಾತ್ರ ಇಲ್ಲ. ಕುರ್ಚಿಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಮೈಸೂರಿನ ಚಿಕ್ಕಪ್ಪ, ತೊಂಬತ್ತೆರಡು, ಇನ್ನೂ ಗಟ್ಟಿಯಾಗಿದ್ದಾರೆ.

ಮೊಮ್ಮಗಳು ಮೂಲೆಯ ಚಿತ್ರ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದಳು. ಅರ್ಧ ಗಂಟೆಯಲ್ಲಿ ಮೈಸೂರಿನಿಂದ ಫೋನು.

‘ಚೆನ್ನಾಗಿ ಜೋಡಿಸಿದ್ದೀಯ ಕಣೋ. ಅಂದಹಾಗೆ, ನನ್ನನ್ನ ಹಾಕಿರೋದು ಯಾವ ದಿಕ್ಕಿನ ಗೋಡೆಗೆ?’

‘ಪಶ್ಚಿಮ, ಚಿಕ್ಕಪ್ಪ.’

‘ಕಿಟಕಿ ಎಡಗಡೆ ಕಾಣುತ್ತಲ್ಲೋ.’

‘ಮೊಬೈಲಿನಲ್ಲಿ ಎಡಬಲ ತಿರುಗಿಬಿಡುತ್ತೆ ಚಿಕ್ಕಪ್ಪ.’

‘ಹಾಗಾದರೆ ಪಕ್ಕದಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದಾಳಲ್ಲ, ಅವಳು ನಮ್ಮತ್ತಿಗೆ ತಾನೇ? ಅವಳೂ ಪಶ್ಚಿಮಕ್ಕೆ ಬಂದಳಾ? ಇರಲಿ, ಯುಗಾದಿಗೆ ಹೇಗೂ ಬರ್ತಿದ್ದೀನಿ, ನಾನೇ ನೋಡ್ತೀನಿ.’

ಫೋನ್ ಇಟ್ಟ ಮಾಮ ಟೇಪು ಹುಡುಕುತ್ತಾ ಮಾಮಿಯನ್ನು ಕೇಳಿದರು: ‘ನಿನ್ನೆ ಪೇಪರ್ ಓದಿ ಆಯ್ತೇನೇ?’