ಎಲ್ಲಾ ಒಂದೇ ಪಾಚಿ ಅಲ್ದಾ?

ಆರಿದ್ರೆ ಮಳೆ ಹಿಡಿಯಿತೆಂದರೆ ನಮ್ಮ ಮಲೆನಾಡಿನಲ್ಲಿ ಹಸಿರಾಗದೆ ಉಳಿಯುವುದು ಉರಿಯುವ ಒಲೆ ಒಂದೇ. ಅಂಗಳ, ಮೆಟ್ಟಿಲು, ಬಾವಿಕಟ್ಟೆ, ಹೆಂಚು, ಮನೆ ಹಿಂದಿನ ಧರೆ, ಯಾವುದನ್ನೂ ಬಿಡುವುದಿಲ್ಲ. ಅಷ್ಟಕ್ಕೂ ಸೇರಿಸಿ ನಾವು ಇಟ್ಟುಕೊಂಡ ಹೆಸರು ಪಾಚಿ. ಮದ್ದು ಬ್ಲೀಚಿಂಗ್ ಪೌಡರ್.

ಬೇಲಿಯಾಚೆಯ ಭಟ್ಟರು ಡಬ್ಬ ಹಿಡಿದು ಧರೆ ಕಡೆ ಹೊರಟಿದ್ದರು. "ಭಟ್ರೇ, ಅಂಗಳಕ್ಕೆ ಹಾಕಿ, ಬೇಡ ಅನ್ನೋದಿಲ್ಲ. ಧರೆಗೆ ಯಾಕೆ? ಅಲ್ಲಿ ಯಾರು ಜಾರಿ ಬಿದ್ದಿದ್ದಾರೆ?"

"ಎಂತ ಮೇಷ್ಟ್ರೇ, ಎಲ್ಲಾ ಒಂದೇ ಪಾಚಿ ಅಲ್ದಾ?"

ಅಂಗಳದಲ್ಲಿ ಸೊಂಟ ಮುರಿಸುವುದು ಬರಿಗಣ್ಣಿಗೆ ಆಕಾರವೇ ಕಾಣದ ಲೋಳೆ. ಧರೆಗೆ ಚಪ್ಪಟೆಯಾಗಿ ಅಂಟಿಕೊಂಡು, ತುದಿಯಲ್ಲಿ ಎರಡೆರಡಾಗಿ ಕವಲೊಡೆಯುತ್ತ ಹರಡುವುದು ಲಿವರ್‌ವರ್ಟ್. ಪಿಯುಸಿಯಲ್ಲಿ ರಿಕ್ಸಿಯಾ, ಮಾರ್ಕಾಂಶಿಯಾ ಅಂತ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದವರೂ ಹಿತ್ತಲಲ್ಲಿ ಅದನ್ನೇ ಕಂಡರೆ ಪಾಚಿ ಎನ್ನುತ್ತಾರೆ. ಇನ್ನು ಭಟ್ಟರನ್ನು ಏನು ಹೇಳುವುದು!

ಅವರನ್ನು ಕರೆದು ಕೈಗೆ ಮಸೂರ ಕೊಟ್ಟೆ. ಮಾರ್ಕಾಂಶಿಯಾದ ಮೈಮೇಲೆ ವಜ್ರಾಕಾರದ ಸಣ್ಣ ಸಣ್ಣ ಮನೆಗಳು, ಒಂದೊಂದರ ನಡುವೆ ಒಂದೊಂದು ಚುಕ್ಕೆ. ಚುಕ್ಕೆಯೇ ಉಸಿರಾಟದ ರಂಧ್ರ. ಅಲ್ಲಲ್ಲಿ ದುಂಡನೆಯ ಬಟ್ಟಲು, ಅದರೊಳಗೆ ಹಸಿರು ಬಿಲ್ಲೆಗಳು. ಮಳೆಹನಿ ಬಟ್ಟಲಿಗೆ ಬಿದ್ದರೆ ಬಿಲ್ಲೆ ಹಾರಿ ಇನ್ನೊಂದು ಕಡೆ ಬೇರೂರುತ್ತದೆ. ಬಟ್ಟಲು ದುಂಡಗಿರದೆ ಅರ್ಧಚಂದ್ರನ ಹಾಗಿದ್ದರೆ ಅದು ಲೂನುಲೇರಿಯಾ. ಮೂಲತಃ ಮೆಡಿಟರೇನಿಯನ್ ಸೀಮೆಯದು, ಹೂವಿನ ಕುಂಡಗಳ ಜೊತೆ ಲೋಕವನ್ನೇ ಸುತ್ತಿದೆ. ರಂಧ್ರವೂ ಇಲ್ಲ, ಬಟ್ಟಲೂ ಇಲ್ಲ, ಸದಾ ಒದ್ದೆಯಾದಂತೆ ಕಡುಹಸಿರು, ಅಂಚಿನಲ್ಲಿ ರೋಮ ಎಂದಾದರೆ ಡುಮೋರ್ಟಿಯೆರಾ, ನೀರು ಹನಿಯುವ ಕಲ್ಲಿನ ಸಂದಿಯೇ ಅದರ ಮನೆ. ಬಿಸಿಲು ಬಂದೊಡನೆ ಅಂಚು ಮಡಚಿ ಸುರುಳಿಯಾಗಿ, ಹೊಟ್ಟೆಯ ಕಪ್ಪು ನೇರಳೆ ಬಣ್ಣ ತೋರಿಸಿದರೆ ಅದು ಟಾರ್ಜಿಯೋನಿಯಾ ಇರಬಹುದು. ತುದಿಯ ಕೆಳಗೆ ಕಪ್ಪು ಚಿಪ್ಪಿನಂಥದ್ದು ಸಿಕ್ಕಿತೋ, ಅನುಮಾನ ಬೇಡ.

"ಇಷ್ಟೇ ಅಲ್ದಾ, ನಾಳೆಯಿಂದ ನಾನೇ ಹೇಳ್ತೇನೆ" ಎಂದರು ಭಟ್ಟರು.

ಅಲ್ಲೇ ಇರುವುದು ತಾಪತ್ರಯ. ಈಗ ಹೇಳಿದ್ದು ಮನೆತನ ಮಾತ್ರ, ಆಸಾಮಿಯ ಹೆಸರಲ್ಲ. ಮಾರ್ಕಾಂಶಿಯಾದಲ್ಲೇ ಹಲವು ಪ್ರಭೇದಗಳಿವೆ. ಯಾವುದೆಂದು ಹೇಳಬೇಕಾದರೆ ಮಗುಚಿ ಹಾಕಿ, ಮಣ್ಣು ತೊಳೆದು, ಹೊಟ್ಟೆಯಡಿಯ ಶಲ್ಕಗಳು ಎಷ್ಟು ಸಾಲು, ಅವುಗಳ ತುದಿ ಹೇಗಿದೆ, ಅಂಚಿಗೆ ಹಲ್ಲುಂಟೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೊಯ್ಲಾದ ಗದ್ದೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಕೂರುವ ರಿಕ್ಸಿಯಾ ಇನ್ನೂ ಹಟಮಾರಿ. ಬೀಜಾಣು ಬಲಿತು, ಅದರ ಮೈಮೇಲಿನ ಗೆರೆಗಳು ಕಾಣುವವರೆಗೆ ಎಷ್ಟೋ ಪ್ರಭೇದಗಳು ತಮ್ಮ ಹೆಸರು ಬಿಟ್ಟುಕೊಡುವುದಿಲ್ಲ.

ಮಾರ್ಕಾಂಶಿಯಾ ಪಾಲಿಮಾರ್ಫಾ ಎಂದು 1753ರಲ್ಲಿ ಲಿನೇಯಸ್ ಹೆಸರಿಟ್ಟು ಕೈತೊಳೆದುಕೊಂಡ. ಈಗ ಅದರಲ್ಲೇ ಮೂರು ಉಪಪ್ರಭೇದ. ನಡುಬೆನ್ನಿನ ಕಪ್ಪು ಗೆರೆ ಅಖಂಡವಾಗಿದ್ದರೆ ಹೊಳೆದಂಡೆಯದು, ತುಂಡುತುಂಡಾಗಿದ್ದರೆ ಮನುಷ್ಯರು ಓಡಾಡುವ ಜಾಗದ್ದು, ಗೆರೆಯೇ ಇಲ್ಲದಿದ್ದರೆ ಬೆಟ್ಟದ್ದು. ಕೇಳಲು ಸಲೀಸು. ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಆ ಗೆರೆ ಅಖಂಡವೋ ತುಂಡೋ ಎಂದು ಹೇಳುವುದು ಅಷ್ಟು ಸಲೀಸಲ್ಲ.

ಯುರೋಪಿನ ಕೊನೋಸೆಫಾಲಂ ಕಥೆ ಇದಕ್ಕಿಂತ ಸ್ವಾರಸ್ಯ. ಅಲ್ಲಿಯವರು ತಲೆಮಾರುಗಟ್ಟಲೆ ಅದನ್ನು ಒಂದೇ ಪ್ರಭೇದವೆಂದು ತಿಳಿದಿದ್ದರು. ಪೋಲೆಂಡಿನ ವಿಜ್ಞಾನಿಗಳು ಅದರ ಕಿಣ್ವಗಳನ್ನು ಪರೀಕ್ಷಿಸಿದರೆ ಲೆಕ್ಕ ತಾಳೆಯಾಗಲಿಲ್ಲ. ಒಂದೇ ಹೆಸರಿನಲ್ಲಿ ಇಬ್ಬರು ಸಂಸಾರ ಮಾಡುತ್ತಿದ್ದರು! 2005ರಲ್ಲಿ ಎರಡನೆಯದಕ್ಕೆ ಸಲೆಬ್ರೋಸಂ ಎಂದು ನಾಮಕರಣವಾಯಿತು. ಆಮೇಲೆ ನೋಡಿದರೆ ವ್ಯತ್ಯಾಸ ಕಣ್ಣಿಗೂ ಕಾಣುತ್ತದೆ: ಒಂದರ ಮೈ ನುಣುಪು, ಹೊಳಪು, ಇನ್ನೊಂದು ಮಂಕು, ಮೈಮೇಲೆಲ್ಲ ಆಳದ ಗೆರೆ. ಪ್ರಯೋಗಾಲಯ ಹೇಳುವವರೆಗೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.

ಭಟ್ಟರದು ವ್ಯವಹಾರದ ತಲೆ. "ಇದರಿಂದ ಪ್ರಯೋಜನ ಎಂತ?" ಅಡಕೆಯ ಹಾಗೆ ಕ್ವಿಂಟಾಲಿಗೆ ಇಷ್ಟು ಎಂದು ಹೇಳುವಂಥದ್ದು ಏನೂ ಇಲ್ಲ. ಮಣ್ಣು ಹಿಡಿದುಕೊಳ್ಳುತ್ತದೆ, ತೇವ ಕಾಪಾಡುತ್ತದೆ, ಯಾರ ಕಾಲನ್ನೂ ಮುರಿದಿಲ್ಲ ಎಂದೆ. "ಹಾಗಾದ್ರೆ ಇರ್ಲಿ ಬಿಡಿ" ಎಂದು ಡಬ್ಬದ ಮುಚ್ಚಳ ಹಾಕಿದರು.

ನೀವೂ ನೋಡಬೇಕೆಂದಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಸಾಕು. ಧರೆಯ ನೆರಳಿನ ಮಗ್ಗುಲು ಹುಡುಕಿ, ಬೆರಳಗಲದ ತುಂಡು ಮಾತ್ರ ಎಬ್ಬಿಸಿ, ಮೊದಲು ಅಡಿಭಾಗ ನೋಡಿ. ಶ್ರಾವಣ ಮುಗಿಯುವುದರೊಳಗೆ ಹೋಗಿ, ಬಿಸಿಲು ಬಲಿತರೆ ಅರ್ಧಕ್ಕರ್ಧ ಸುರುಟಿಹೋಗುತ್ತವೆ.