ಮಲಪ್ರಭಾ ಕರಾವಳಿಯ ಶ್ವಾನವಿಹಾರ: ಒಂದು ಹಗ್ಗಾಧಾರಿತ ಅಧ್ಯಯನ

ಅಧ್ಯಯನದ ಅಗತ್ಯ

ಕರಾವಳಿಯಲ್ಲಿ ನಾಯಿಯನ್ನು ಕರೆದುಕೊಂಡು ಅಡ್ಡಾಡಲು ತಕ್ಕ ಜಾಗಗಳು ಯಾವುವು ಎಂಬ ಗಹನವಾದ ಪ್ರಶ್ನೆಯನ್ನು ಈವರೆಗಿನ ವಿದ್ವಾಂಸರು ಕಾರವಾರ, ಗೋಕರ್ಣ, ಮಲ್ಪೆಗಳಲ್ಲೇ ಮುಗಿಸಿ ಕೈತೊಳೆದುಕೊಂಡಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಿಗೆ ಇದರಿಂದ ಆಗಿರುವ ಅನ್ಯಾಯ ಸಣ್ಣದಲ್ಲ. ಕರ್ನಾಟಕದ ಕರಾವಳಿ 320 ಕಿಲೋಮೀಟರ್ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದರಲ್ಲಿ ಈ ನಾಲ್ಕು ತಾಲ್ಲೂಕುಗಳ ಪಾಲು ಸೊನ್ನೆ. ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಅಳೆದು 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿಯೂ ಸಮುದ್ರದ ಹಂಚಿಕೆಯಲ್ಲಿ ಆಗಿರುವ ತಾರತಮ್ಯದ ಬಗ್ಗೆ ಮೌನ ವಹಿಸಿದೆ.

ಪ್ರಸ್ತುತ ಪ್ರಬಂಧಕ್ಕೆ ತಕ್ಷಣದ ಪ್ರೇರಣೆ ದೀಪಾವಳಿಗೆ ಪುಣೆಯಿಂದ ಬಂದ ಸೋದರಳಿಯ. ಕಾರಿನ ಹಿಂದಿನ ಸೀಟಿನಲ್ಲಿ ಬ್ರೂನೋ ಎಂಬ ಲ್ಯಾಬ್ರಡಾರ್ ಕುಳಿತು ಬಂದಿತ್ತು. ಚಹಾ ಕುಡಿಯುವ ಮೊದಲೇ ಅವನು ಕೇಳಿದ: "ಮಾಮಾ, ಇಲ್ಲಿ ನಾಯಿನ್ನ ಒಳಗ ಬಿಡೋ ಜಾಗಾ ಯಾವ್ಯಾವು ಅದಾವ?" ಕೇಳುವಾಗ ನಮ್ಮ ಕಟ್ಟೆಯ ಮೇಲೆ ಊರ ನಾಯಿಗಳು ನಾಲ್ಕಾರು ಮಲಗಿದ್ದವು. ಯಾವುದೂ ಯಾರನ್ನೂ ಕೇಳಿ ಮಲಗಿದ್ದಲ್ಲ. ಸಂಶೋಧನಾ ಸಮಸ್ಯೆ ಹುಟ್ಟಿದ್ದು ಆ ಕಟ್ಟೆಯ ಮೇಲೆ.

ಪೂರ್ವಪಕ್ಷ ಮತ್ತು ಅದರ ಖಂಡನೆ

ಈ ಭಾಗ ಕರಾವಳಿಯೇ ಅಲ್ಲ ಎಂಬುದು ಪೂರ್ವಪಕ್ಷ. ಭೂಗೋಳ ಓದಿದವರು ಇದನ್ನು ಬಹಳ ಆತ್ಮವಿಶ್ವಾಸದಿಂದ ಹೇಳುತ್ತಾರೆ. ಅವರಿಗೆ ಉತ್ತರ ಇಲ್ಲಿದೆ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಅರಬ್ಬಿ ಸಮುದ್ರ ಘಟ್ಟದ ಆಚೆಗೇ ಇತ್ತು. ಇಳಿದುಬಿಟ್ಟಿದ್ದರೆ ಆಗಿತ್ತು. ಆದರೆ ಅವಳು ಬೆನ್ನು ತಿರುಗಿಸಿ ಪೂರ್ವಕ್ಕೆ ನಡೆದಳು. ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ, ನವಿಲುತೀರ್ಥ, ಮುನವಳ್ಳಿ, ರಾಮದುರ್ಗಗಳನ್ನು ಮುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯ ಕೈಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅಂದರೆ ನಮ್ಮ ನಾಲ್ಕೂ ತಾಲ್ಲೂಕುಗಳನ್ನು ಕರಾವಳಿ ಮಾಡುವ ಉದ್ದೇಶದಿಂದಲೇ ಈ ಸುತ್ತುದಾರಿ ಹಿಡಿದಳೆಂದು ತಿಳಿಯಬೇಕು. ನವಿಲುತೀರ್ಥದ ಇಕ್ಕಟ್ಟಿನಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರಿಗೆ ಸರ್ಕಾರವೇ ರೇಣುಕಾಸಾಗರ ಎಂದು ಹೆಸರಿಟ್ಟಿದೆ. ಅದರ ಸಾಮರ್ಥ್ಯ 37.73 ಟಿಎಂಸಿ. ಸರ್ಕಾರಿ ಕಡತದಲ್ಲಿ ಸಾಗರ ಎಂದಿರುವುದನ್ನು ಸಾಗರವಲ್ಲ ಎನ್ನಲು ಖಾಸಗಿ ವ್ಯಕ್ತಿಗಳಿಗೆ ಅಧಿಕಾರವಿಲ್ಲ.

ಭರತ-ಇಳಿತ ಎಲ್ಲಿ ಎಂದು ಕೆಲವರು ಕೇಳಬಹುದು. ಇದೆ. ಕಾರವಾರದಲ್ಲಿ ಅದು ಚಂದ್ರನ ಮಾತು ಕೇಳಿ ದಿನಕ್ಕೆರಡು ಸಲ ಆಗುತ್ತದೆ. ಸವದತ್ತಿಯಲ್ಲಿ ಎಂಜಿನಿಯರರ ಮಾತು ಕೇಳಿ ವರ್ಷಕ್ಕೊಮ್ಮೆ ಆಗುತ್ತದೆ. ಚೈತ್ರ-ವೈಶಾಖದಲ್ಲಿ ಹಿನ್ನೀರು ಇಳಿದಾಗ ಬಿಟ್ಟುಹೋಗುವ ದಂಡೆಯ ಅಗಲ ನೋಡಿದರೆ ಮಲ್ಪೆಯವರೂ ಹೊಟ್ಟೆಕಿಚ್ಚು ಪಡಬೇಕು. 2019ರ ಆಗಸ್ಟ್‌ನಲ್ಲಂತೂ ಸಾಗರವೇ ಗೇಟು ದಾಟಿ ಮುನವಳ್ಳಿ, ರಾಮದುರ್ಗಗಳ ಮನೆಬಾಗಿಲಿಗೆ ಬಂತು. ಆ ವರ್ಷದ ಮಾತನ್ನು ಅಣಕದಲ್ಲಿ ಆಡಬಾರದು. ಮುಂದೆ ಹೋಗೋಣ.

ಸಾರಿಗೆ

ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲ. ಆದ್ದರಿಂದ ಮೊದಲ ದರ್ಜೆಯ ಕೂಪೆಯನ್ನು ಇಡಿಯಾಗಿ ಕಾಯ್ದಿರಿಸಿ ನಾಯಿಯ ಜೊತೆ ಪಯಣಿಸಬಹುದೆಂಬ ರೈಲ್ವೆಯ ಔದಾರ್ಯ ಇಲ್ಲಿ ಅನ್ವಯಿಸುವುದಿಲ್ಲ. ಉಳಿದದ್ದು ಬಸ್ಸು. ಬೆಂಗಳೂರಿನ ಕೆಎಸ್‌ಆರ್‌ಟಿಸಿ 2022ರಲ್ಲಿ ನಾಯಿಗೆ ಅದುವರೆಗೆ ಇದ್ದ ಪೂರ್ತಿ ಟಿಕೆಟ್ ತೆಗೆದು ಅರ್ಧ ಟಿಕೆಟ್ ಮಾಡಿತು. ತಾತ್ವಿಕವಾಗಿ ಇದು ದೊಡ್ಡ ಘಟನೆ. ಮನುಷ್ಯನ ಮಗು ಒಂದು ದಿನ ಬೆಳೆದು ಪೂರ್ತಿ ಟಿಕೆಟ್ಟಿನ ಪ್ರಜೆಯಾಗುತ್ತದೆ. ನಾಯಿ ಮಾತ್ರ ಹಲ್ಲು ಉದುರಿ, ಕಣ್ಣು ಮಂಜಾಗಿ, ಮೊಮ್ಮಕ್ಕಳನ್ನು ಕಂಡರೂ ಅರ್ಧ ಟಿಕೆಟ್ಟಿನಲ್ಲೇ ಇರುತ್ತದೆ. ನಮ್ಮ ಕಡೆ ಓಡುವವು ಹುಬ್ಬಳ್ಳಿಯ ವಾಯವ್ಯ ಸಾರಿಗೆಯ ಬಸ್ಸುಗಳು. ಜಾತ್ರೆಯ ದಿನ ಆ ಬಸ್ಸಿನೊಳಗೆ ನಿಂತು ನೋಡಿದವರಿಗೆ ಗೊತ್ತು, ಅರ್ಧ ಟಿಕೆಟ್ಟಿನ ಪ್ರಾಣಿ ನಿಲ್ಲಲು ಅಲ್ಲಿ ಕಾಲು ಟಿಕೆಟ್ಟಿನಷ್ಟೂ ಜಾಗವಿರುವುದಿಲ್ಲ.

ಬೈಲಹೊಂಗಲ

ಇಲ್ಲಿ ರಾಣಿ ಚೆನ್ನಮ್ಮನ ಸಮಾಧಿ ಇದೆ, ಹತ್ತಿಯ ಮಾರುಕಟ್ಟೆ ಇದೆ. ಇವೆರಡರ ನಡುವೆ ಹಲವು ಸ್ವತಂತ್ರ ಶ್ವಾನ ಸಂಸ್ಥಾನಗಳಿವೆ. ಬ್ರೂನೋವನ್ನು ಬಜಾರಿನಗುಂಟ ಒಯ್ದಾಗ ಮೊದಲ ಸಂಸ್ಥಾನದ ನಾಲ್ಕು ನಾಯಿಗಳು ಗಡಿಯವರೆಗೆ ಬೊಗಳುತ್ತ ಬಂದು, ಒಂದು ವಿದ್ಯುತ್ ಕಂಬದ ಬಳಿ ಗಕ್ಕನೆ ನಿಂತು, ಮುಂದಿನ ಕೆಲಸವನ್ನು ಎರಡನೇ ಸಂಸ್ಥಾನಕ್ಕೆ ವಹಿಸಿಕೊಟ್ಟವು. ಬೆಳಗಾವಿ ಜಿಲ್ಲೆಯಲ್ಲಿ ಮನುಷ್ಯರ ಗಡಿ ನಿರ್ಧರಿಸಲು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಅದೇ ಅಂತಿಮವೆಂದು ನಾವು ಇಂದಿಗೂ ಕೂಗುತ್ತಿದ್ದೇವೆ. ನಾಯಿಗಳಿಗೆ ಆಯೋಗ ಬೇಕಾಗಿಲ್ಲ. ಕಂಬಕಂಬಕ್ಕೂ ಅವುಗಳ ಸಹಿಯಿದೆ, ಅದನ್ನು ದಿನಾ ಬೆಳಿಗ್ಗೆ ನವೀಕರಿಸುತ್ತವೆ.

ಕಾನೂನೂ ಇದನ್ನು ಒಪ್ಪಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದವನ್ನು ಅಲ್ಲಿಗೇ ಮರಳಿ ಬಿಡಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಆದೇಶದ ಪ್ರತಿ ಬಸ್‌ಸ್ಟ್ಯಾಂಡಿನ ನಾಯಿಗಳಿಗೆ ಇನ್ನೂ ಜಾರಿಯಾದಂತೆ ಕಾಣಲಿಲ್ಲ. (ಅಣಕವಲ್ಲದ ಒಂದು ಮಾತು: ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಬೇಕು. ನೋಡೋಣ, ನಾಳೆ ನೋಡೋಣ ಎನ್ನಬಾರದು.)

ಕಿತ್ತೂರು

ಕರೆಯದೆ ಬಂದು ಕೋಟೆಯ ಬಾಗಿಲು ತೆಗೆಯಿರಿ ಎಂದವರನ್ನು ಕಿತ್ತೂರು ಹೇಗೆ ನೋಡಿಕೊಳ್ಳುತ್ತದೆ ಎಂಬುದು ಕಲೆಕ್ಟರ್ ಥ್ಯಾಕರೆಗೆ 1824ರ ಅಕ್ಟೋಬರ್ 23ರಂದು ತಿಳಿಯಿತು. ಆ ಇತಿಹಾಸ ಗೊತ್ತಿದ್ದರಿಂದ ನಾವು ವಿನಯದಿಂದಲೇ ಹೋದೆವು. ಬಾಗಿಲ ಹತ್ತಿರ ಕುಳಿತಿದ್ದ ಹಿರಿಯರೊಬ್ಬರು ಬ್ರೂನೋವನ್ನೂ ಹಗ್ಗವನ್ನೂ ಸೋದರಳಿಯನನ್ನೂ ಅದೇ ಕ್ರಮದಲ್ಲಿ ನೋಡಿ ಕೇಳಿದರು:

"ಅದನ್ಯಾಕ ಒಳಗ ಒಯ್ತೀ ತಮ್ಮಾ?"

ಆ ಹೊತ್ತಿಗೆ ಕೆಂಚು ಬಣ್ಣದ ನಾಯಿಯೊಂದು ನಮ್ಮ ಕಾಲ ಸಂದಿಯಿಂದಲೇ ಒಳಗೆ ನಡೆದಿತ್ತು. ಸೋದರಳಿಯ ಅದರ ಕಡೆ ಕೈಮಾಡಿ, "ಅದೂ ನಾಯಿನ ಅಲ್ರೀ ಅಜ್ಜಾರ?" ಎಂದ.

"ಅದನ್ನ ಯಾರೂ ಒಯ್ದಿಲ್ಲೋ. ಅದು ಹೋಗೇತಿ."

ಪ್ರಬಂಧದ ಮೂಲ ಪ್ರಮೇಯ ಇದು. ಒಯ್ಯಲ್ಪಡುವ ನಾಯಿ ಬೇರೆ, ಹೋಗುವ ನಾಯಿ ಬೇರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ನಾಯಿಗೆ ನಿಷಿದ್ಧವಾದ ಕೋಟೆ, ಕೆರೆ, ಸಂತೆ, ಜಾತ್ರೆ, ಮದುವೆಮನೆ ಒಂದೂ ಇಲ್ಲ. ಅದೇ ನಾಯಿಯ ಕೊರಳಿಗೆ ಹಗ್ಗ ಹಾಕಿ ಇನ್ನೊಂದು ತುದಿಯನ್ನು ಮನುಷ್ಯ ಹಿಡಿದುಕೊಂಡನೋ, ತಕ್ಷಣ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ. ತಕರಾರು ಇರುವುದು ಹಗ್ಗದ ಮೇಲೆ. ಇದನ್ನು ಇನ್ನು ಮುಂದೆ ಹಗ್ಗ ಸಿದ್ಧಾಂತ ಎಂದು ಕರೆಯಲಾಗುವುದು. ಧರ್ಮರಾಯನನ್ನು ಸ್ವರ್ಗದ ಬಾಗಿಲಲ್ಲಿ ಇಂದ್ರ ತಡೆದ ಪ್ರಕರಣವನ್ನು ಇದೇ ಬೆಳಕಿನಲ್ಲಿ ಮತ್ತೆ ಓದಬೇಕು. ಆ ನಾಯಿ ಒಂದೇ ಬಂದಿದ್ದರೆ ಇಂದ್ರನಿಗೆ ಗೊತ್ತಾಗುವ ಮೊದಲೇ ಒಳಗಿರುತ್ತಿತ್ತು.

ಸವದತ್ತಿ

ಹಗ್ಗ ಸಿದ್ಧಾಂತಕ್ಕೆ ಒಂದು ಗಂಭೀರ ಅಪವಾದವಿದೆ: ಚಕ್ಕಡಿ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಅಡಿಯಲ್ಲಿ, ಅಚ್ಚಿನ ನೆರಳಿನಲ್ಲಿ, ಮನೆಯ ನಾಯಿ ನಡೆದು ಬರುತ್ತದೆ. ಕೆಲವನ್ನು ಅಚ್ಚಿಗೆ ಕಟ್ಟಿರುತ್ತಾರೆ. ಆದರೂ ಗುಡ್ಡದ ಮೇಲೆ ಆ ನಾಯಿಯನ್ನು ಯಾರೂ ಏನೂ ಅನ್ನುವುದಿಲ್ಲ. ಕಾರಣ ಸೂಕ್ಷ್ಮವಾದದ್ದು: ಇಲ್ಲಿ ಹಗ್ಗದ ಇನ್ನೊಂದು ತುದಿ ಮನುಷ್ಯನ ಕೈಯಲ್ಲಿಲ್ಲ, ಚಕ್ಕಡಿಯಲ್ಲಿದೆ. ಚಕ್ಕಡಿ ಕೆಳಗಿನ ನಾಯಿ ತಾನೇ ಚಕ್ಕಡಿ ಎಳೆಯುತ್ತಿದ್ದೇನೆಂದು ತಿಳಿಯಿತಂತೆ ಎಂದು ನಮ್ಮವರು ಶತಮಾನಗಳಿಂದ ಅದನ್ನು ಆಡಿಕೊಂಡಿದ್ದಾರೆ. ಪ್ರಸ್ತುತ ಸಂಶೋಧಕ ಈ ಗಾದೆಯನ್ನು ಒಪ್ಪುವುದಿಲ್ಲ. ಊರಿನಿಂದ ಗುಡ್ಡದವರೆಗೆ ನೆರಳನ್ನು ಜೊತೆಗೇ ಒಯ್ಯುವ ವಾಹನ, ನಡೆಯುವ ವೇಗ ನಾಯಿಯ ವೇಗ, ರಾತ್ರಿ ತಂಗಿದಲ್ಲಿ ರೊಟ್ಟಿ: ಶ್ವಾನ ಪ್ರವಾಸೋದ್ಯಮದಲ್ಲಿ ಇದಕ್ಕಿಂತ ಮುಂದೆ ಹೋದ ವ್ಯವಸ್ಥೆಯನ್ನು ಪುಣೆಯವರೂ ಕಂಡಿಲ್ಲ. ಎಳೆಯುತ್ತಿರುವುದು ತಾನೇ ಎಂದು ನಾಯಿಗೆ ಅನಿಸಿದ್ದರೆ ಅನಿಸಲಿ. ಎತ್ತುಗಳು ಆಕ್ಷೇಪ ಎತ್ತಿಲ್ಲ.

ಗುಡ್ಡದ ಮೇಲೆ ಪಡ್ಲಿಗಿ ತುಂಬಿಸುವಾಗ ಹೋಳಿಗೆ, ಕಡಬು, ರೊಟ್ಟಿ, ಪಲ್ಲೆ ಎಲ್ಲವೂ ಇರುತ್ತವೆ. ಜೋಗಮ್ಮಂದಿರ ಪಾಲು, ಬಂಧುಗಳ ಪಾಲು ಆದ ಮೇಲೆ ಎಲೆಗಳ ಪಾಲು ನಾಯಿಗಳದ್ದು. ಭಂಡಾರ ಎರಚುವ ಗದ್ದಲದಲ್ಲಿ ಬಿಳಿ ನಾಯಿಯೂ ಕರಿ ನಾಯಿಯೂ ಸಂಜೆಯ ಹೊತ್ತಿಗೆ ಒಂದೇ ಹಳದಿ ಬಣ್ಣಕ್ಕೆ ಬಂದಿರುತ್ತವೆ. ಭಕ್ತರು ಯಾರು, ಭಕ್ತರ ಜೊತೆ ಬಂದವರು ಯಾರು ಎಂದು ವಿಂಗಡಿಸುವ ಪದ್ಧತಿ ಅಲ್ಲಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ಮೈಲಾರಲಿಂಗನ ಪರಂಪರೆ. ಕಪ್ಪು ಕಂಬಳಿಯ ನಿಲುವಂಗಿ ತೊಟ್ಟ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ದೋಣಿ ಸೇವೆಯಲ್ಲಿ ಹಾಲು-ಬಾಳೆಹಣ್ಣಿನ ದೋಣಿಗೆ ಬೊಗಳುತ್ತ ಬಂದು ನೇರ ಬಾಯಿ ಹಾಕುತ್ತಾರೆ. ಮಹಾರಾಷ್ಟ್ರದಲ್ಲಿ ಇದೇ ದೇವರು ಖಂಡೋಬ, ಅಲ್ಲಿಯ ಭಕ್ತರು ವಾಘ್ಯಾ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಈ ಪರಂಪರೆಯ ಅಧ್ಯಯನಕ್ಕೆ ವರ್ಷಗಟ್ಟಲೆ ದಖ್ಖನ್ನಿನ ಕುರುಬರ ನಡುವೆ ತಿರುಗಿದರು. ನಾಯಿಗೆ ಎಲ್ಲಿ ಪ್ರವೇಶವಿದೆ ಎಂದು ಕೇಳುವವರು ಈ ದೋಣಿ ಸೇವೆಯನ್ನು ಒಮ್ಮೆ ನೋಡಬೇಕು. ಅಲ್ಲಿ ಮನುಷ್ಯ ಪ್ರವೇಶ ಪಡೆಯುವುದೇ ನಾಯಿಯಾಗಿ. ಇಷ್ಟು ಬರೆದ ಮೇಲೆ ಅಣಕದ ಲೇಖನಿ ಸ್ವಲ್ಪ ಹೊತ್ತು ಸುಮ್ಮನಾಗುವುದು ಲೇಸು.

ಬ್ರೂನೋ ವಿಷಯ. ಅದನ್ನು ಹಿನ್ನೀರಿನ ದಂಡೆಗೆ ಒಯ್ದೆವು. ಹಗ್ಗ ಬಿಚ್ಚಿದ ಕೂಡಲೇ ನೀರಿಗೆ ಬಿದ್ದು, ಮೀನಿನ ವಾಸನೆಯ ಕೆಸರಿನಲ್ಲಿ ಹೊರಳಿ, ಲ್ಯಾಬ್ರಡಾರ್ ಎಂದು ಗುರುತಿಸಲಾಗದ ಸ್ಥಿತಿ ತಲುಪಿತು. ಆಗ ದಂಡೆಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಸಿದ್ಧಾಂತಕ್ಕೆ ಇದಕ್ಕಿಂತ ಸ್ವಚ್ಛವಾದ ಪ್ರಮಾಣ ಸಿಗಲಾರದು, ಕಾರಿನ ಸೀಟಿಗೆ ಮಾತ್ರ ಹಾಗೆ ಅನಿಸಲಿಲ್ಲ.

ಕಾರ್ತಿಕ ಮಾಸ

ಕಾರ್ತಿಕದಲ್ಲಿ ನಾಯಿಗಳು ತಮ್ಮ ವಿಹಾರಗಳನ್ನು ತಾವೇ ಗೊತ್ತುಮಾಡಿಕೊಳ್ಳುತ್ತವೆ. ವಿವರಗಳನ್ನು ಮರ್ಯಾದೆಯ ದೃಷ್ಟಿಯಿಂದ ಕೈಬಿಡಲಾಗಿದೆ.

ರಾಮದುರ್ಗ

ರಾಮದುರ್ಗದಿಂದ ಲೋಕಾಪುರ ದಾಟಿ ಹೋದರೆ ಮುಧೋಳ. ಅಲ್ಲಿಯ ಬೇಟೆನಾಯಿಯ ಪ್ರವಾಸ ಕಥನವೇ ಬೇರೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅದನ್ನು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆಚೀಟಿಯ ಮೇಲೆ ಏರಿ ಊರೂರು ತಿರುಗಿತು. 2016ರಲ್ಲಿ ಸೈನ್ಯದ ತರಬೇತಿಗೆ ಮೀರತ್‌ಗೆ ಹೋಯಿತು. ಇದರಲ್ಲಿ ಒಂದಾದರೂ ವಿಹಾರವೇ ಎಂದು ಕೇಳಿದರೆ, ಅಲ್ಲ. ಎಲ್ಲವೂ ಡ್ಯೂಟಿ. ಹಿಂದಕ್ಕೆ ಹೋದರೂ ಹಾಗೇ. ಸುಮಾರು 949-50ರ ಆತಕೂರಿನ ಶಾಸನದಲ್ಲಿ ಮಣಲೇರ ಎಂಬ ವೀರ ತನ್ನ ಒಡೆಯ ಗಂಗ ಬೂತುಗನಿಂದ ಕಾಳಿ ಎಂಬ ನಾಯಿಯನ್ನೇ ಬೇಡಿ ಪಡೆದ ಸಂಗತಿಯಿದೆ. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು, ಕಾಳಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗುಡ್ಡಕ್ಕೆ ಹವಾ ತಿನ್ನಲು ಹೋದ ನಾಯಿಗೆ ಕನ್ನಡ ನಾಡಿನಲ್ಲಿ ಯಾರೂ ಶಾಸನ ಹಾಕಿಸಿದ್ದು ಕಂಡಿಲ್ಲ.

ಈ ವಿಚಾರದಲ್ಲಿ ಕೊನೆಯ ಮೌಖಿಕ ಪರೀಕ್ಷೆ ನಡೆದದ್ದು ರಾಮದುರ್ಗದ ದಾರಿಯಲ್ಲಿ, ಜೋಳ ಕೊಯ್ದ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಕುರುಬ ಯಜಮಾನರ ಮುಂದೆ. ಅವರ ಮೂರು ನಾಯಿಗಳು ಹಿಂಡಿನ ಮೂರು ದಿಕ್ಕಿಗೆ ಮಲಗಿದ್ದವು. ವರ್ಷದ ಬಹುಪಾಲು ಊರಿಂದ ಊರಿಗೆ ನಡೆಯುವ ನಾಯಿಗಳು ಅವು. ತೋಳ ಬಂದರೆ ಏಳುತ್ತವೆ, ಬ್ರೂನೋ ಬಂದದ್ದಕ್ಕೆ ಏಳಲಿಲ್ಲ.

"ಇದು ಏನ್ ಮಾಡತೈತಿ?" ಎಂದು ಯಜಮಾನರು ಕೇಳಿದರು.

"ಏನೂ ಮಾಡೂದಿಲ್ರಿ ಕಾಕಾ. ಮನ್ಯಾಗ ಇರತೈತಿ. ಅದಕ್ಕ ಬ್ಯಾಸರಾಗಬಾರದಂತ ಅಡ್ಡಾಡಾಕ ಕರಕೊಂಡ ಬಂದೇವಿ."

"ಬ್ಯಾಸರಾ ಅದಕ್ಕೋ ನಿನಗೋ?"

ಸೋದರಳಿಯ ಮೊಬೈಲ್ ನೋಡತೊಡಗಿದ. ಯಜಮಾನರು ಬ್ರೂನೋದ ಬೆನ್ನು, ಪಾದ, ಹಲ್ಲುಗಳನ್ನು ಎತ್ತಿನ ಸಂತೆಯಲ್ಲಿ ನೋಡುವ ಶಿಸ್ತಿನಿಂದ ಪರೀಕ್ಷಿಸಿ ತೀರ್ಪು ಕೊಟ್ಟರು: "ಜಾತಿ ಕೆಟ್ಟದ್ದಲ್ಲ. ಉಗಾದಿ ತನಕಾ ನಮ್ಮ ಕೂಡ ಬಿಡು. ಈ ಹಗ್ಗ ನೀ ಒಯ್ಯಿ."

ಸೋದರಳಿಯ ಒಪ್ಪಲಿಲ್ಲ. ನಾಯಿಯನ್ನು ಕೇಳುವ ಪದ್ಧತಿ ನಮ್ಮ ಸಂಶೋಧನಾ ವಿಧಾನದಲ್ಲಿ ಇರಲಿಲ್ಲ.